ಸ್ಟೀಲ್ ಡಬ್ಬಿಯ ಮೇಲಿನ ತಾಳ

ಪುಟ್ಟಿ, ಚಿನ್ನು, ಇದು ನಿಮ್ಮಿಬ್ಬರಿಗೇ ಬರೆದದ್ದು. ನಾನು ಓದಿದ್ದು ನಮ್ಮೂರ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಹೊಗಳಿದ್ದುಂಟು, ಓದಲು ಕಷ್ಟವಾಗಲಾರದು. ಆದರೂ ತಡವರಿಸಿದರೆ ಅಮ್ಮನ ಕೈಲಿ ಓದಿಸಿಕೊಳ್ಳಿ. ಅವಳಿಗೂ ಈ ಸಂಗತಿ ತಿಳಿಯದು. ಪುಟ್ಟಿ, ನಿನಗೆ ಮಾತ್ರ ಗೊತ್ತು.

ಕಳೆದ ವರ್ಷ ಪುಟ್ಟಿಯ ಪಿಯಾನೋ ಕಛೇರಿಯ ದಿನ, ಚಿನ್ನು, ನಿನಗೆ ಜ್ವರ. ಅಮ್ಮ ನಿನ್ನ ಪಕ್ಕದಲ್ಲಿ ಉಳಿದಳು. ಅಪ್ಪ ಮಣಲಿಯ ಫ್ಯಾಕ್ಟರಿಯಲ್ಲಿ ಡ್ಯೂಟಿಯಲ್ಲಿದ್ದರು. "ನೀನೇ ಕರ್ಕೊಂಡು ಹೋಗಮ್ಮ. ಸುಮ್ನೆ ಕೂತು ಕೇಳಿದ್ರೆ ಆಯ್ತು, ಇನ್ನೇನಿಲ್ಲ" ಎಂದಳು. ಸುಮ್ಮನೆ ಕೂತು ಕೇಳುವುದೇ ನನಗೆ ಬರುವುದಿಲ್ಲವೆಂದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ನಿಮ್ಮ ತಾತ ರೈಲ್ವೆಯಲ್ಲಿದ್ದವರು. ಪೆರಂಬೂರಿನ ಕ್ವಾರ್ಟರ್ಸಿನಿಂದ ಎರಡು ಬಸ್ಸು ಬದಲಿಸಿ ಮಾರ್ಗಳಿ ತಿಂಗಳಲ್ಲಿ, ಅಂದರೆ ನಮ್ಮ ಧನುರ್ಮಾಸದಲ್ಲಿ, ನನ್ನನ್ನು ಮೈಲಾಪೂರಿನ ಸಂಗೀತ ಸಭೆಗಳಿಗೆ ಕರೆತರುತ್ತಿದ್ದರು. ಸಂಗೀತದ ಗಂಧವಿಲ್ಲದ ನನಗೆ ತೊಡೆಯ ಮೇಲೆ ತಾಳ ಹಾಕುವುದನ್ನು ಅಲ್ಲೇ ಕಲಿಸಿದರು. ಹಾಡುವವರು ಸರಿಯಾದ ಜಾಗಕ್ಕೆ ಬಂದು ನಿಂತಾಗ ಭೇಷ್ ಎನ್ನದೆ ಕೂರುವುದು ಮರ್ಯಾದೆಯಲ್ಲ ಎನ್ನುತ್ತಿದ್ದರು. ಅವರು ಹೋದ ಮೇಲೆ ಸಭೆಯ ಕಡೆಗೆ ಕಾಲಿಡಲಿಲ್ಲ. ಆದರೆ ನೀನು ಮನೆಯಲ್ಲಿ ಅಭ್ಯಾಸಕ್ಕೆ ಕೂತಾಗ, ಪುಟ್ಟಿ, "ಅಜ್ಜಿ, ತಾಳಂ ಪೋಡ ವಾ" ಎಂದು ತಾಳ ಹಾಕಲು ಕರೆಯುತ್ತಿದ್ದೆ. ಹುರುಳಿಕಾಯಿ ಬಿಡಿಸುತ್ತಿದ್ದ ನಾನು ತಟ್ಟೆ ಬದಿಗಿಟ್ಟು ಬಂದು ಕೂರುತ್ತಿದ್ದೆ. ನನ್ನ ಕೈ ತಟ್ಟುತ್ತಿದ್ದರೆ ನಿನ್ನ ಬೆರಳು ತಾಳ ಬಿಟ್ಟು ಮುಂದೆ ಓಡುತ್ತಿರಲಿಲ್ಲ. ಅದೇ ನನಗೊಂದು ಹೆಮ್ಮೆ.

ಆ ಹಾಲ್ ಚಿಕ್ಕದು, ಎ.ಸಿ.ಯ ಚಳಿ. ಬಿಡುವಿನಲ್ಲಿ ನಿನಗೆ ಕೊಡಲು ತಂದ ಕೋಡುಬಳೆಯ ಸ್ಟೀಲ್ ಡಬ್ಬಿ ನನ್ನ ಮಡಿಲಲ್ಲಿತ್ತು. ವೇದಿಕೆಯ ಮೇಲೆ ನೀನು ಪಿಯಾನೋ ಮುಂದೆ, ಒಬ್ಬಳು ಹುಡುಗಿ ಪಿಟೀಲು ಹಿಡಿದು, ಇನ್ನೊಬ್ಬಳು ಕಾಲ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಪಿಟೀಲು ಹಿಡಿದು. ಶುರುವಾದ ಕೂಡಲೇ ನನಗೆ ಖುಷಿ, ಅದು ಮನೆಯಲ್ಲಿ ನೂರು ಸಲ ಕೇಳಿದ್ದೇ. ಮೂರು ಮೂರು ಎಣಿಕೆ. ಕೈ ತಾನಾಗಿ ಎದ್ದಿತು. ಬೆರಳಲ್ಲಿದ್ದ ಉಂಗುರ ಡಬ್ಬಿಗೆ ಬಡಿದು ಟಣ್ ಟಣ್ ಎನ್ನುತ್ತಿದ್ದುದು ನನಗೆ ಕೇಳಿಸಲೇ ಇಲ್ಲ. ಮುಂದಿನ ಸಾಲಿನ ಹೆಂಗಸು ತಿರುಗಿ ತುಟಿಯ ಮೇಲೆ ಬೆರಳಿಟ್ಟಾಗ ತಿಳಿಯಿತು. ಕೈಯನ್ನು ಸೆರಗಿನೊಳಗೆ ಹುದುಗಿಸಿಕೊಂಡೆ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆಮೇಲೆ ನಿಧಾನದ ಭಾಗ ಬಂತು. ಸಣ್ಣಗಾಗುತ್ತಾ ಸಣ್ಣಗಾಗುತ್ತಾ ಮೂರೂ ವಾದ್ಯಗಳು ಒಂದೇ ಗಳಿಗೆಯಲ್ಲಿ ನಿಂತವು. ಅಷ್ಟು ಅಚ್ಚುಕಟ್ಟಾಗಿ ನಿಂತದ್ದಕ್ಕೆ ನಾನು ಗಟ್ಟಿಯಾಗಿಯೇ ಭೇಷ್ ಎಂದುಬಿಟ್ಟೆ.

ಅದು ಮುಗಿದಿರಲಿಲ್ಲ. ನಿನ್ನ ಕೈ ಇನ್ನೂ ಪಿಯಾನೋದ ಕಪ್ಪು-ಬಿಳಿ ಮನೆಗಳ ಮೇಲೆ ಗಾಳಿಯಲ್ಲಿತ್ತು. ಹಿಂದೆ ಯಾರೋ ಕಿಸಕ್ಕೆಂದರು. ನಿನ್ನ ಕಿವಿ ಕೆಂಪಾದದ್ದು ನನ್ನ ಕುರ್ಚಿಗೇ ಕಾಣುತ್ತಿತ್ತು. ಮುಂದಿನ ಸ್ವರಕ್ಕೆ ನೀನು ತಡವಾದೆ. ದೊಡ್ಡ ಪಿಟೀಲಿನ ಹುಡುಗಿ ಕಮಾನು ಎತ್ತಿಕೊಂಡು ನಿನಗಾಗಿ ಕಾದಳು.

ಇದು ನನ್ನ ನಾಚಿಕೆಯಲ್ಲ. ಇದನ್ನು ಯಾರು ಬೇಕಾದರೂ ನಕ್ಕು ಮರೆಯಬಹುದು. ನಾಚಿಕೆ ಅದರ ನಂತರದ್ದು.

ಮುಗಿದ ಮೇಲೆ ಹೊರಗೆ ಕಾಫಿ ಕೊಡುತ್ತಿದ್ದರು. ಅದೇ ಮುಂದಿನ ಸಾಲಿನ ಹೆಂಗಸು ಕಪ್ಪು ಹಿಡಿದು ನನ್ನ ಬಳಿಗೇ ಬಂದರು. ಪಿಟೀಲು ಹುಡುಗಿಯ ತಾಯಿಯಂತೆ. ನೀವು ಯಾರ ಕಡೆಯವರು ಎಂದು ತಮಿಳಿನಲ್ಲಿ ಕೇಳಿದರು. ನನ್ನ ಸವೆದ ಚಪ್ಪಲಿ, ಆ ಡಬ್ಬಿ, ಆ ಭೇಷ್, ಎಲ್ಲವೂ ನಿನ್ನ ಹೆಸರಿಗೆ ಅಂಟಿಕೊಳ್ಳುತ್ತವೆ ಎಂದು ಹೆದರಿದೆ. "ಕೊಳಂದೆಯ ಕೂಟ್ಟಿಟ್ಟು ವಂದೇನ್ ಮಾ. ಅವಂಗ ವೀಟ್ಟುಲ ವೇಲ ಸೆಯ್ಯರೇನ್" ಎಂದೆ. ಮಗುವನ್ನು ಕರೆತಂದವಳು, ಅವರ ಮನೆಯಲ್ಲಿ ಕೆಲಸ ಮಾಡುತ್ತೇನೆ ಎಂದು.

ಆಕೆ ಒಳ್ಳೆಯವರು. "ಅಯ್ಯೋ, ನಾನು ಅಜ್ಜಿ ಅಂದ್ಕೊಂಡೆ. ನಮ್ಮತ್ತೆಯೂ ಹೀಗೇ, ಎಲ್ಲಿ ಕೂತ್ರೂ ತಾಳ ಹಾಕ್ತಾರೆ" ಎಂದು ತಮಿಳಿನಲ್ಲೇ ಹೇಳಿ ನಕ್ಕರು. ಸುಳ್ಳಿನ ಅಗತ್ಯವೇ ಇರಲಿಲ್ಲ. ತಿರುಗಿದರೆ ನೀನು ಜ್ಯೂಸ್ ಲೋಟ ಹಿಡಿದು ನನ್ನ ಹಿಂದೆಯೇ ನಿಂತಿದ್ದೆ.

ಆಟೋ ಹತ್ತಿದೆವು. ಯಾಕೆ ಹಾಗೆ ಹೇಳಿದೆ ಎಂದು ಅರ್ಧ ದಾರಿಯಲ್ಲಿ ನೀನು ನಿನ್ನ ಅರೆ ತಮಿಳಿನಲ್ಲಿ ಕೇಳಿದೆ, "ಯಾಕಜ್ಜಿ ಹಂಗ್ ಸೊನ್ನೆ?"

"ನಿಂಗೆ ಅವಮಾನ ಆಗ್ಬಾರ್ದು ಅಂತ, ಪುಟ್ಟಿ."

"ನೀ ಭೇಷ್ ಅಂದಾಗ ಆಗ್ಲಿಲ್ಲ. ಇಪ್ಪೋದಾ ಆಯ್ತು."

ಹತ್ತು ವರ್ಷದ ಮಗು ಹೇಳಿದ ಮಾತು. ಈಗಲೇ ಆಯ್ತು ಎಂದೆ ನೀನು. ನಾನು ಡಬ್ಬಿಯ ಮುಚ್ಚಳ ಒತ್ತುತ್ತಾ ಕೂತೆ. ಕೋಡುಬಳೆ ಹಾಗೇ ವಾಪಸ್ಸು ಬಂತು. ಮನೆಕೆಲಸ ಹೀನವೆಂದು ನಾನು ಅಂದುಕೊಂಡವಳಲ್ಲ, ನನ್ನ ತಾಯಿ ನಾಲ್ಕು ಮನೆಯ ಪಾತ್ರೆ ತೊಳೆದೇ ನನ್ನನ್ನು ಓದಿಸಿದ್ದು. ಆ ಕೆಲಸದ ಹೆಸರನ್ನು ನಾನು ಬಚ್ಚಿಟ್ಟುಕೊಳ್ಳಲು ಬಳಸಿದೆ. ಅದಕ್ಕೂ ಸೇರಿಯೇ ನಾಚಿಕೆ.

ಮಾರನೆಯ ದಿನದಿಂದ ನೀನು ಫೋನಿನಲ್ಲಿ ತಾಳಕ್ಕೆ ಟಕ್ ಟಕ್ ಎನ್ನುವುದೊಂದನ್ನು ಹಾಕಿಕೊಂಡು ಅಭ್ಯಾಸ ಮಾಡತೊಡಗಿದೆ. ನನ್ನನ್ನು ಕರೆಯಲಿಲ್ಲ. ಅಡುಗೆಮನೆಯಲ್ಲಿ ನಾನು ಹುರುಳಿಕಾಯಿ ತಟ್ಟೆಯನ್ನು ಬದಿಗಿಡುವ ಕಾರಣವೇ ಇಲ್ಲವಾಯಿತು.

ಮೊನ್ನೆ ಈ ವರ್ಷದ ಕಛೇರಿಯ ಕಾರ್ಡು ನನ್ನ ಕನ್ನಡಕದ ಕೆಳಗೆ ಇತ್ತು. ಯಾರಿಟ್ಟರೆಂದು ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ. ಭಾನುವಾರ ಬರುತ್ತೇನೆ. ಡಬ್ಬಿ ತರುವುದಿಲ್ಲ. ಆ ಪಿಟೀಲು ಹುಡುಗಿಯ ತಾಯಿ ಸಿಕ್ಕರೆ, ಇವಳ ತಾಯಿಯ ತಾಯಿ ನಾನು, ಹೋದ ವರ್ಷ ಸುಳ್ಳು ಹೇಳಿದೆ ಎಂದು ತಮಿಳಿನಲ್ಲಿ ಹೇಳಬೇಕು. ಬಚ್ಚಲುಮನೆಯಲ್ಲಿ ಹೇಳಿ ಹೇಳಿ ನೋಡುತ್ತಿದ್ದೇನೆ. ನನ್ನ ಸ್ವಭಾವ ನಿಮಗೆ ಗೊತ್ತು, ಅಲ್ಲಿ ಬಾಯಿ ಒಣಗಿದರೂ ಒಣಗಬಹುದು. ಹಾಗಾದರೆ ಬಾಯಲ್ಲಿ ಆಗದ್ದು ಇಲ್ಲಿಯಾದರೂ ಇರಲಿ ಎಂದು ಬರೆದೆ. ನಾನು ಹೇಳಲಿ, ಹೇಳದಿರಲಿ, ಈ ಹಾಳೆಗಳನ್ನು ಎಸೆಯಬೇಡಿ. ಪುಟ್ಟಿ, ಪಿಯಾನೋ ಪುಸ್ತಕದೊಳಗೆ ಜೋಪಾನವಾಗಿ ಇಟ್ಟುಕೋ.