ಗಣಪಿಗೆ ಪ್ರೆಶರ್ ಬಂತು ಅಂದಾಗ

ಕರ್ಕಿ ಊರಿನ ಗಣಪಿಗೆ ಎಪ್ಪತ್ತು ದಾಟಿದೆ. ಹೊಳೆಯ ನೀರು ಇಳಿದ ಹೊತ್ತಿಗೆ ಬಳಚು ಎಂಬ ಚಿಪ್ಪುಮೀನು ಹೆಕ್ಕಿ, ಬುಟ್ಟಿ ಹೊತ್ತು ಮನೆಮನೆಗೆ ಮಾರಿಯೇ ಬದುಕಿದವಳು. ಗಂಡ ಹಮ್ಮ ಹಂಚಿನ ಕಾರ್ಖಾನೆಯಲ್ಲಿ ದುಡಿದು ಈಗ ಮನೆಯಲ್ಲಿದ್ದಾನೆ. ಮಾತು ಕಡಿಮೆ. ಹೆಂಡತಿಗೆ ಒಂದು ಲೋಟ ಚಾ ಮಾಡಿಕೊಟ್ಟವನೂ ಅಲ್ಲ.

ಕಳೆದ ವರ್ಷ ಊರ ಶಾಲೆಯಲ್ಲಿ ಆರೋಗ್ಯ ಶಿಬಿರ ನಡೆಯಿತು. ಗಣಪಿ ಬುಟ್ಟಿ ಇಳಿಸಿದವಳೇ ಏದುಸಿರು ಬಿಡುತ್ತ ಕುರ್ಚಿಯಲ್ಲಿ ಕೂತಳು. ತೋಳಿಗೆ ಪಟ್ಟಿ ಕಟ್ಟಿ ಪ್ರೆಶರ್ ನೋಡಿದ ಶಿಬಿರದ ಹುಡುಗಿ, "ನೂರಾ ಅರವತ್ತೆಂಟು. ಜಾಸ್ತಿ ಅದೆ ಅಜ್ಜಿ, ಡಾಕ್ಟರಿಗೆ ತೋರ್ಸಿ" ಎಂದಳು.

ಕೇಳಿದ ಹಮ್ಮ ಬೆದರಿಹೋದ. ಅವನ ಅಣ್ಣನಿಗೆ ಪ್ರೆಶರ್ ಏರಿಯೇ ಮೈಯ ಒಂದು ಬದಿ ಬಿದ್ದುಹೋಗಿತ್ತು. ಮರುದಿನದಿಂದ ಹೆಂಡತಿಯನ್ನು ಹೊಳೆಗೆ ಬಿಡಲಿಲ್ಲ. ತಾನೇ ನೀರು ಸೇದಿದ, ಅಂಗಳ ಗುಡಿಸಿದ, ಉಪ್ಪಿಲ್ಲದ ಗಂಜಿ ಬೇಯಿಸಿ ಮುಂದಿಟ್ಟ. ತಳ ಹಿಡಿದ ಗಂಜಿಯನ್ನು ಗಣಪಿ ಸುಮ್ಮನೆ ಉಂಡಳು.

"ನಂಗೆಂತದೂ ಆಗ್ಲಿಲ್ಲ" ಎಂದರೆ, "ಸುಮ್ಗಿರೆ. ನೀ ಹೋದ್ರೆ ನಾ ಎಂತ ಮಾಡ್ಲಿ?" ಎನ್ನುತ್ತ ಅವಳ ಕೈಯಿಂದ ಪೊರಕೆ ಕಸಿದುಕೊಳ್ಳುತ್ತಿದ್ದ.

ಆ ವಾರವೇ ಇಬ್ಬರೂ ಹೊನ್ನಾವರದ ಡಾಕ್ಟರ್ ಅರ್ಚಿತಾರ ಬಳಿ ಹೋದರು. ಅವರು ಗಣಪಿಯನ್ನು ಒರಗಿಸಿ ಕೂರಿಸಿ, ಕೈಯನ್ನು ಮೇಜಿನ ಮೇಲಿಡಿಸಿ, ಐದು ನಿಮಿಷ ಮಾತಾಡಬೇಡಿ ಎಂದರು. ಆಮೇಲೆ ನೋಡಿದರೆ ಮೇಲಿನದು ನೂರಾ ಇಪ್ಪತ್ತಾರು, ಕೆಳಗಿನದು ಎಪ್ಪತ್ತೆಂಟು. ಇನ್ನೊಮ್ಮೆ ನೋಡಿದರೂ ಹೆಚ್ಚುಕಡಿಮೆ ಅಷ್ಟೇ.

"ಭಾರ ಹೊತ್ತು ಬಂದ ಕೂಡಲೇ ನೋಡಿದ್ರೆ ಯಾರಿಗೂ ಏರ್ತದೆ ಅಮ್ಮ" ಎಂದರು ಡಾಕ್ಟರು. "ಪ್ರಾಯ ಆದ್ಮೇಲೆ ಜಾಸ್ತಿ ಇದ್ರೂ ಅಡ್ಡಿಲ್ಲ ಅಂತಲ್ಲ. ನೂರಾ ಮೂವತ್ತು, ಎಂಬತ್ತರ ಒಳಗಿದ್ರೆ ಚಲೋ. ನೂರಾ ನಲವತ್ತು, ತೊಂಬತ್ತು ದಾಟಿ ಅಲ್ಲೇ ನಿಂತ್ರೆ ಔಷಧದ ವಿಚಾರ ಮಾಡ್ಬೇಕು. ನಿಮ್ಮದು ಸರಿ ಅದೆ."

ಗಣಪಿ ನಕ್ಕಳು. ಹಮ್ಮ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

"ಇವ್ರದ್ದೂ ಒಂದ್ಸಲ ನೋಡಿ" ಎಂದಳು ಗಣಪಿ.

"ನಂಗೆಂತಕ್ಕೆ?" ಎನ್ನುತ್ತಲೇ ಹಮ್ಮ ಕೂತ. ನೂರಾ ಎಪ್ಪತ್ತೆರಡು. ಎಷ್ಟು ಹೊತ್ತು ಕೂರಿಸಿದರೂ ಇಳಿಯಲಿಲ್ಲ. ಮತ್ತೆ ಬೇರೆ ದಿನ ಬಂದಾಗಲೂ ಅಷ್ಟೇ ಇತ್ತು. ಮಾತ್ರೆ ಶುರುವಾಯಿತು. ತಲೆನೋವೂ ಇಲ್ಲದ ತನಗೆ ಇದೆಂತ ಎಂದು ಅವನು ಮುನಿಸಿಕೊಂಡ. ಗಣಪಿ ದಿನಾ ಬೆಳಿಗ್ಗೆ ಮಾತ್ರೆ ಕೈಗಿಟ್ಟು, ನುಂಗುವವರೆಗೂ ಎದುರಿಗೇ ನಿಂತಳು.

ಮಳೆಗಾಲ ಕಳೆಯುವಷ್ಟರಲ್ಲಿ ಅವನ ಪ್ರೆಶರ್ ಹದಕ್ಕೆ ಬಂತು. ಗಣಪಿ ಮತ್ತೆ ಹೊಳೆಗಿಳಿದಳು. ಹಮ್ಮ ಈಗ ಅವಳ ಜೊತೆ ನಡೆದುಬಂದು ದಡದಲ್ಲಿ ಕೂರುತ್ತಾನೆ.

"ಎಂತಕ್ಕೆ ಕಾಯೂದು?" ಎಂದು ಅವಳು ಕೇಳಿದರೆ, "ಇಲ್ಲಿ ಗಾಳಿ ಚಲೋ ಅದೆ" ಎನ್ನುತ್ತಾನೆ. ಅವಳು ಕೈ ಚಾಚಿದಾಗ ಎದ್ದು ಬಂದು, ಹಿಡಿದು ಮೇಲಕ್ಕೆ ಹತ್ತಿಸಿಕೊಳ್ಳುತ್ತಾನೆ.