ದ್ವೀಪದಲ್ಲಿ ಉಳಿದ ಸೊರ್ಖಾ

ಸರ್ಕಾರದ ದೋಣಿ ಬಂದ ದಿನ ಇನಿಶ್‌ಡರಾ ದ್ವೀಪದವರೆಲ್ಲ ಕೋಳಿ, ಹಾಸಿಗೆ, ಮೇರಿಮಾತೆಯ ಪಟಗಳನ್ನು ಹೊತ್ತು ದಡಕ್ಕಿಳಿದರು. ಹಿಂದಿನ ಚಳಿಗಾಲದಲ್ಲಿ ಡಾಕ್ಟರು ಬರಲಾಗದೆ ಮಕ್ಕಳು ಸತ್ತಿದ್ದವು. ಇನ್ನು ಈ ಬಂಡೆಯ ಸಹವಾಸ ಸಾಕೆಂದು ಊರೇ ತೀರ್ಮಾನಿಸಿ, ಎದುರಿನ ಮೇಯೋ ತೀರದ ಹೊಸ ಮನೆಗಳಿಗೆ ಹೊರಟಿತ್ತು. ಮುದುಕ ಪೀದರ್ ಒಬ್ಬ ಮಾತ್ರ ಒಲೆಯ ಮುಂದಿನಿಂದ ಏಳಲಿಲ್ಲ.

ಅವನ ಇಬ್ಬರು ಗಂಡುಮಕ್ಕಳನ್ನು ಕಡಲು ನುಂಗಿತ್ತು. ಹೆಣ ಸಿಕ್ಕಿರಲಿಲ್ಲ. "ಬಂದ್ರೆ ಈ ದಡಕ್ಕೇ ಬರ್ಬೇಕು. ಆಗ ಎತ್ಕೊಳ್ಳೋಕೆ ಯಾರಿರ್ತಾರೆ?" ಎನ್ನುತ್ತಿದ್ದ.

ಮಗಳು ಸೊರ್ಖಾ ಆಗಲೇ ಗಂಟು ಕಟ್ಟಿಕೊಂಡು ದೋಣಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಟೀಗ್. ಹೊಸ ಊರಿನ ಚರ್ಚಿನಲ್ಲಿ ಮೊದಲ ಮದುವೆ ಇವರದೇ ಎಂದು ಹೆಂಗಸರು ಬೆಳಗಿನಿಂದ ಛೇಡಿಸುತ್ತಿದ್ದರು. ಪೀದರನನ್ನು ಎತ್ತಿ ತರಲು ಹೋದ ಗಂಡಸರು ಬರಿಗೈಲಿ ವಾಪಸಾದರು.

"ಬಾಗಿಲು ಹಿಡ್ಕೊಂಡು ಬಿಡ್ಲೇ ಇಲ್ಲ. ಕೈ ಕಚ್ಚಿಬಿಟ್ಟ ಕಣ್ರೋ ಮುದುಕ."

ಎಲ್ಲರೂ ನಕ್ಕರು. ಸೊರ್ಖಾ ಎದ್ದು ನಿಂತಳು.

"ಎಲ್ಲಿಗೆ?" ಎಂದ ಟೀಗ್.

"ಅಪ್ಪನಿಗೆ ಆಲೂಗಡ್ಡೆ ಬೇಯ್ಸೋಕೂ ಬರಲ್ಲ."

"ಕಲೀತಾನೆ ಬಿಡು. ನೀನಿಲ್ದಿದ್ರೆ ನಾಳೆ ಅವನೇ ದೋಣಿ ಕೇಳ್ತಾನೆ. ನೀನಿದ್ರೆ ಸಾಯೋವರ್ಗೂ ಕೇಳಲ್ಲ."

ಅದು ನಿಜವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ದೋಣಿಯಿಂದ ನೀರಿಗಿಳಿದು ದಡದತ್ತ ನಡೆದಳು.

ಟೀಗ್ ಕೂಗಿ ಹೇಳಿದ: "ಬರ್ಬೇಕು ಅನ್ಸಿದ ದಿನ ಗುಡ್ಡದ ಮೇಲೆ ಬೆಂಕಿ ಹಾಕು. ಬರ್ತೀನಿ."

ಆ ಚಳಿಗಾಲ ದ್ವೀಪದಲ್ಲಿ ಅವರಿಬ್ಬರೇ. ಖಾಲಿ ಮನೆಗಳ ಬಾಗಿಲುಗಳು ಗಾಳಿಗೆ ಬಡಿದುಕೊಳ್ಳುತ್ತಿದ್ದವು. ಸೊರ್ಖಾ ಕಬ್ಬಿಣದ ಪಾತ್ರೆಯಲ್ಲಿ ಕೆಂಡ ತುಂಬಿಕೊಂಡು ಗುಡ್ಡ ಹತ್ತುವಳು. ಆಚೆ ದಡದ ಹೊಸ ಮನೆಗಳ ಹೊಗೆ ಕಾಣುತ್ತಿತ್ತು. ಒಣಹುಲ್ಲು ಗುಡ್ಡೆ ಹಾಕಿ ಮುಂದೆ ಮಂಡಿಯೂರುವಳು. ಅಷ್ಟರಲ್ಲಿ ಕೆಳಗಿನಿಂದ, "ಸೊರ್ಖಾ, ಟೀ ಎಲ್ಲಿ?" ಎಂದು ಕೂಗು ಕೇಳುವುದು. ಪಾತ್ರೆಯಲ್ಲೇ ಕೆಂಡ ಬೂದಿಯಾಗುವುದು. ಎಷ್ಟು ಸಲ ಹತ್ತಿದಳೋ, ಎಷ್ಟು ಸಲ ಇಳಿದಳೋ.

ಒಂದು ಬೆಳಿಗ್ಗೆ ಅಪ್ಪನ ಮುಂದೆ ಕುಸಿದು ಕೂತಳು. "ಹೋಗೋಣ ಅಪ್ಪಾ. ಕೈ ಮುಗೀತೀನಿ."

"ನೀನು ಹೋಗು. ನಾನೇನು ಹಿಡ್ಕೊಂಡಿದೀನಾ?"

"ಸತ್ತವ್ರನ್ನ ಕಾಯ್ತಾ ಕೂತಿದೀಯ. ನಾನು ಬದುಕಿದೀನಿ ಅನ್ನೋದು ಕಾಣ್ಸುತ್ತಾ ನಿಂಗೆ?"

ಮುದುಕ ಅವಳನ್ನೇ ದಿಟ್ಟಿಸಿದ. "ಥೇಟ್ ನಿಮ್ಮಮ್ಮನ ದನಿ," ಎಂದು ಒಲೆಯ ಕಡೆ ತಿರುಗಿದ.

ಚಳಿ ಇಳಿಯುವ ಹೊತ್ತಿಗೆ ಪೀದರ್ ಸತ್ತ. ಎದೆಮಟ್ಟ ನೆನೆದು ದಡದಲ್ಲಿ ಬಿದ್ದಿದ್ದ. ತೋಳುಗಳಲ್ಲಿ ಅಲೆ ತಂದ ಒಂದು ಮರದ ದಿಮ್ಮಿ. ಮಗನೆಂದೇ ತಬ್ಬಿ ಎಳೆದು ತಂದಿದ್ದ. ಬೆರಳು ಬಿಡಿಸಲು ಸೊರ್ಖಾ ಬಹಳ ಕಷ್ಟಪಟ್ಟಳು.

ಅಂದು ಗುಡ್ಡದ ಮೇಲೆ ಬೆಂಕಿ ಎದ್ದಿತು. ಅಲೆ ತಗ್ಗಿದ ಮೇಲೆ ಬಂದ ದೋಣಿಯಲ್ಲಿ ಟೀಗ್ ಇರಲಿಲ್ಲ. ಅವನ ಅಣ್ಣ ಮಾರ್ಟಿನ್ ಇದ್ದ.

"ಟೀಗ್ ಎಲ್ಲಿ?"

ಮಾರ್ಟಿನ್ ಹುಟ್ಟನ್ನೇ ನೋಡುತ್ತಾ ಹೇಳಿದ: "ಕ್ರಿಸ್ಮಸ್ಸಿನವರ್ಗೂ ದಿನಾ ಈ ಗುಡ್ಡ ನೋಡ್ತಾ ನಿಂತಿರ್ತಿದ್ದ. ಆಮೇಲೆ ಇಂಗ್ಲೆಂಡಿಗೆ ಹೋದ. ಅಲ್ಲೇ ಯಾರನ್ನೋ ಮದ್ವೆ ಆದನಂತೆ."

ಇಬ್ಬರೂ ಸೇರಿ ಪೀದರನನ್ನು ಹೂತರು.

ಹೊಸ ಊರಿನಲ್ಲಿ ಸೊರ್ಖಾ ಒಂಟಿಯಾಗಿಯೇ ಮುದುಕಿಯಾದಳು. ಮಗಳೆಂದರೆ ಹೀಗಿರಬೇಕು ಎಂದು ಪಾದ್ರಿಗಳು ಹೊಗಳಿದಾಗ ಪೂಜೆಯ ನಡುವೆಯೇ ಎದ್ದು ಹೊರಗೆ ಹೋಗಿದ್ದಳು. ಒಮ್ಮೆ ಮಾತ್ರ, ಮಾರ್ಟಿನನ ಹೆಂಡತಿಯ ಜೊತೆ ಆಲೂಗಡ್ಡೆ ಸುಲಿಯುತ್ತಾ ಬಾಯಿಬಿಟ್ಟಳು.

"ಅಪ್ಪನ ಮೇಲಿನ ಪ್ರೀತಿಗೆ ಉಳ್ಕೊಂಡೆ ಅಂತ ಎಲ್ರೂ ಅಂತಾರೆ. ಅಲ್ಲ ಕಣೇ. ಬಿಟ್ಟು ಹೋಗೋಕೆ ಧೈರ್ಯ ಬರ್ಲಿಲ್ಲ, ಅಷ್ಟೇ."

ಸೊರ್ಖಾ ಚಾಕು ಒರೆಸಿಕೊಂಡು ಇನ್ನೊಂದು ಗಡ್ಡೆ ಎತ್ತಿಕೊಂಡಳು.