ಸಿಂದಗಿಯ ಗಾಲಿಗಳಿಗೆ ಕಂಬಳಿ ಕುಲಾಯಿ

ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ. ಇನ್ನೂ ಮೂಡಣ ಕೆಂಪಾಗಿಲ್ಲ. ಸಿಂದಗಿ ಬಸ್ ಸ್ಟ್ಯಾಂಡಿನ ಆಚೆ ಸಾಲಾಗಿ ನಿಂತ ಪ್ಯಾಸೆಂಜರ್ ಜೀಪುಗಳ ನಡುವೆ ಇಂದ್ರಾಬಾಯಿ ಸೆರಗು ಸೊಂಟಕ್ಕೆ ಬಿಗಿದು, ಒಂದು ಕೈಯಲ್ಲಿ ನೀರಿನ ಬಕೆಟ್, ಇನ್ನೊಂದರಲ್ಲಿ ಹಳೆ ಅರಿವೆ ಹಿಡಿದು ಓಡಾಡುತ್ತಿದ್ದಾರೆ. ಇವತ್ತು ಅವರಿಗೆ ಅವಸರವೋ ಅವಸರ. ಡ್ರೈವರುಗಳು ಸುಟ್ಟ ಆಯಿಲ್ ಡಬ್ಬಿಯ ಮುಚ್ಚಳ ತೆಗೆಯುವುದರೊಳಗೆ ಅವರು ಗಾಲಿಗಳನ್ನು ತಲುಪಬೇಕು.

ಈ ಕಡೆಯ ರೂಢಿಯೇ ಹಾಗೆ. ಪೂಜೆಯ ದಿನ ಗಾಡಿ ತೊಳೆದು, ಇಂಜಿನ್ನಿನಿಂದ ತೆಗೆದಿಟ್ಟ ಹಳೆ ಎಣ್ಣೆಯನ್ನು ಟೈರಿಗೆ ತಿಕ್ಕುತ್ತಾರೆ. ಟೈರು ಆಗಷ್ಟೇ ಮೈ ತೊಳೆದ ಎಮ್ಮೆಯಂತೆ ಮಿರಮಿರ ಮಿಂಚುತ್ತದೆ. ಖರ್ಚಿಲ್ಲದೆ ಹೊಸ ಟೈರು ಹಾಕಿಸಿದ ಖುಷಿ. ಆ ಖುಷಿಗೆ ಅಡ್ಡ ಬಂದವರ ಮೇಲೆ ಯಾರಿಗೆ ತಾನೇ ಪ್ರೀತಿ?

"ಆಯಿಲ್ ರಬ್ಬರ ತಿಂತೈತ್ರಿ. ಮ್ಯಾಲ ಝಗಝಗ, ಒಳಗ ಬಿರುಕು. ಬಿರುಕು ಕಂಡ್ರ ಹುಷಾರಾಗಬಹುದು. ಕಾಣದಂಗ ಮುಚ್ಚಿಬಿಟ್ರ ಏನ್ ಮಾಡೂದು? ಅದ ನನಗ ಹೆದ್ರಿಕಿ," ಎನ್ನುತ್ತಾರೆ ಇಂದ್ರಾಬಾಯಿ, ಗಾಲಿಯಿಂದ ಕಣ್ಣು ಕೀಳದೆ.

ಆ ಹೆದರಿಕೆಗೆ ಕಾರಣ ಮನೆಯಲ್ಲೇ ಇದೆ. ಪತಿ ಸೋಮನಿಂಗ ಕುರಿ ಕಾಯುವುದನ್ನು ಬಿಟ್ಟು ಪಂಕ್ಚರ್ ಅಂಗಡಿ ಹಾಕಿದವರು. ಹೋದ ವರ್ಷ ಬೇಸಿಗೆಯಲ್ಲಿ ಭೀಮಶ್ಯಾ ಎಂಬ ಡ್ರೈವರನ ಜೀಪಿನಲ್ಲಿ ದೇವರ ಹಿಪ್ಪರಗಿಯ ಸಂತೆಗೆ ಹೊರಟಿದ್ದರು. ಒಳಗೆ ಕಾಲಿಡಲು ಜಾಗವಿಲ್ಲ, ಹಿಂದೆ ಜೋತುಬಿದ್ದು ನಿಂತಿದ್ದರು. ದಾರಿಯಲ್ಲಿ ಮುಂದಿನ ಟೈರು ಢಂ ಎಂದು ಒಡೆಯಿತು. ಸೋಮನಿಂಗ ರಸ್ತೆಗೆ ಬಿದ್ದರು. ಬಲಗೈ ಮುರಿಯಿತು, ಕೂಡಿತು, ಆದರೆ ಇವತ್ತಿಗೂ ಟೈರು ಬಿಚ್ಚುವ ರಾಡು ಹಿಡಿಯಲು ಬರುವುದಿಲ್ಲ. ಮದುವೆ ಬಾಡಿಗೆಗೆಂದು ಭೀಮಶ್ಯಾ ಹಿಂದಿನ ದಿನವಷ್ಟೇ ಆ ಟೈರಿಗೆ ಆಯಿಲ್ ತಿಕ್ಕಿದ್ದ.

"ಆ ಟೈರಿಗೆ ಮುಂಜಾನೆ ಹವಾ ತುಂಬಿದಾಂವ ನಾನ ರೀ. ನನಗೂ ಬಿರುಕು ಕಾಣಲಿಲ್ಲ," ಎಂದು ಸೋಮನಿಂಗ ನಗುತ್ತಾರೆ.

ಅಂದಿನಿಂದ ರಾಡು ಹಿಡಿದವರು ಇಂದ್ರಾಬಾಯಿ. ಹೆಂಗಸಿನ ಕೈಯಲ್ಲಿ ಟೈರು ಬಿಚ್ಚಿಸುವುದೇ ಎಂದು ಮೂಗು ಮುರಿದವರು ಮುಂದಿನ ಅಂಗಡಿಗೆ ಹೋದರು. ಇವರು ತಲೆ ಕೆಡಿಸಿಕೊಳ್ಳಲಿಲ್ಲ. ಒಡೆದ ಮೇಲೆ ತೇಪೆ ಹಾಕುವುದಕ್ಕಿಂತ ಬಿರುಕು ಬಿಡದಂತೆ ಕಾಯುವುದೇ ಅವರಿಗೆ ದೊಡ್ಡ ಕೆಲಸವಾಗಿ ಕಂಡಿತು.

ಕಬ್ಬಿನ ಹಂಗಾಮು ಮುಗಿದರೆ ಕನ್ನೊಳ್ಳಿ ಕಡೆಯ ಟ್ರೇಲರುಗಳು ತಿಂಗಳುಗಟ್ಟಲೆ ಬಯಲಲ್ಲೇ ನಿಲ್ಲುತ್ತವೆ. ಬಿಸಿಲು ಕೆಂಡ ಕಾರುತ್ತದೆ, ಒಣಗಾಳಿಗೆ ಮನುಷ್ಯರ ತುಟಿಯೇ ಸೀಳುತ್ತದೆ. ಇಂದ್ರಾಬಾಯಿ ಅಲ್ಲಿಗೆ ಹೋಗಿ ಅಚ್ಚಿನ ಕೆಳಗೆ ಕಲ್ಲು ಕೊಟ್ಟು ಗಾಲಿಯ ಮೇಲಿನ ಭಾರ ಇಳಿಸುತ್ತಾರೆ, ಮೆತ್ತಿದ ಎರೆಮಣ್ಣು ತೊಳೆಯುತ್ತಾರೆ. ನೀರಾರಿದ ಮೇಲೆ ಗಾಲಿಗೊಂದು ಕುಲಾಯಿ ಹಾಕುತ್ತಾರೆ. ಕೂಸಿನ ತಲೆಗೆ ಹಾಕುವಂಥದ್ದೇ, ಅಳತೆ ಮಾತ್ರ ದೊಡ್ಡದು. ಕುರಿಗಾಹಿ ತವರಿನವರು ಹೊದ್ದು ಹರಿದ ಕಂಬಳಿಗಳನ್ನು ಜೋಡಿಸಿ ತಾವೇ ಹೊಲಿಯುತ್ತಾರೆ.

"ಕಾಡಿಗಿನೂ ಹಚ್ಚವ್ವಾ, ದೃಷ್ಟಿ ಆದೀತು ಅಂತ ನಗತಿದ್ರು. ದೃಷ್ಟಿ ಬಿಸಿಲಿಂದ ಆಗ್ತೈತಪಾ, ಅದಕ್ಕ ಮುಚ್ಚೇನಿ ಅಂದೆ," ಎನ್ನುತ್ತಾರೆ. ನಕ್ಕವರೇ ಈ ಬೇಸಿಗೆಯಲ್ಲಿ ಕುಲಾಯಿ ಬೇಕೆಂದು ಮನೆ ಬಾಗಿಲಿಗೆ ಬಂದರು.

ಖಂಡೆ ಪೂಜೆಯದು ಮಾತ್ರ ಬೇರೆ ಲೆಕ್ಕ. ಮಿಂಚದ ಗಾಡಿಯನ್ನು ದೇವರ ಮುಂದೆ ನಿಲ್ಲಿಸುವುದು ಹೇಗೆ ಎಂಬ ಹಟಕ್ಕೆ ಬುದ್ಧಿಮಾತು ನಾಟುವುದಿಲ್ಲ. ಇಂದ್ರಾಬಾಯಿ ವಾದಕ್ಕೆ ಇಳಿಯಲಿಲ್ಲ. ಬರೀ ನೀರಿನಿಂದ ತೊಳೆದು ಒರೆಸಿದ ಕಪ್ಪು ಟೈರಿನ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದರು. ಬೆಳ್ಳನೆಯ ಆ ಪಟ್ಟೆಗಳ ಮುಂದೆ ಆಯಿಲ್ ಹೊಳಪು ಮಂಕಾಯಿತು. ಇವತ್ತು ಬೆಳಕು ಹರಿಯುವ ಹೊತ್ತಿಗೆ ಸಾಲಿನ ಜೀಪುಗಳೆಲ್ಲ ವಿಭೂತಿ ಧರಿಸಿ ನಿಂತಿವೆ.

ಆದರೂ ಅವರ ಕಣ್ಣು ರಸ್ತೆಯ ಕಡೆಗೇ. ಭೀಮಶ್ಯಾನ ಜೀಪು ಸಾಲಿನಲ್ಲಿಲ್ಲ. ಆ ಅಪಘಾತದ ನಂತರ ಅವನು ಇವರ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿಲ್ಲ. ಎದುರು ಸಿಕ್ಕರೆ ತಲೆ ತಗ್ಗಿಸಿ ಹೋಗುತ್ತಾನೆ. "ಸಿಟ್ಟಿಲ್ರಿ ಅವನ ಮ್ಯಾಲ. ಇವತ್ತೂ ಎಲ್ಲೋ ಕುಂತು ಆಯಿಲ್ ತಿಕ್ಕಾಕತ್ತಾನೇನೋ ಅಂತ ಜೀವ ಹೊಡಕೊಳ್ಳಾಕತ್ತೈತಿ. ಅವನ ಗಾಡ್ಯಾಗೂ ಮಂದಿ ಹತ್ತತಾರಲ್ರಿ?"

ಬಿಸಿಲು ಏರುವ ಮುಂಚೆ ಒಂದು ಜೀಪು ನಿಧಾನವಾಗಿ ಬಂದು ಅಂಗಡಿಯ ಮುಂದೆ ನಿಲ್ಲುತ್ತದೆ. ಟೈರಿನ ಮೇಲೆ ದಾರಿಯ ಧೂಳು ಹಾಗೇ ಇದೆ. ಇಳಿದ ಭೀಮಶ್ಯಾ ನೆಲ ನೋಡುತ್ತ ಹೇಳುತ್ತಾನೆ, "ಈ ಸಲ ಆಯಿಲ್ ಮುಟ್ಟಿಲ್ಲ ಅಕ್ಕಾ. ನೀನ ನೋಡು."

ಇಂದ್ರಾಬಾಯಿ ನಾಲ್ಕೂ ಗಾಲಿಯ ಸುತ್ತ ಬೆರಳಾಡಿಸಿ, ತೊಳೆದು, ಒರೆಸುತ್ತಾರೆ. ವಿಭೂತಿ ಗಟ್ಟಿಯನ್ನು ತಾವು ಹಿಡಿಯದೆ ಗಂಡನ ಕಡೆಗೆ ಚಾಚುತ್ತಾರೆ. ಸೋಮನಿಂಗ ಮುಂದಿನ ಗಾಲಿಯ ಬಳಿ ಕುಕ್ಕರಗಾಲಲ್ಲಿ ಕೂತು ಎಡಗೈಯಿಂದ ಮೂರು ಗೆರೆ ಎಳೆಯುತ್ತಾರೆ. ಗೆರೆ ಸೊಟ್ಟ ಬರುತ್ತದೆ. ಭೀಮಶ್ಯಾ ಆ ಸೊಟ್ಟ ಗೆರೆಗೆ ಕೈ ಮುಗಿದು, "ಮಾಮಾ, ಹಿಪ್ಪರಗಿ ಸಂತಿಗೆ ಬರ್ತೀಯೇನು? ಮುಂದಿನ ಸೀಟ ನಿನಗ," ಎನ್ನುತ್ತಾನೆ.

ಸೋಮನಿಂಗರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಜೀಪು ಹೊರಡುತ್ತದೆ. ಇಂದ್ರಾಬಾಯಿ ಒದ್ದೆ ಅರಿವೆ ಹಿಂಡುತ್ತ ಅದು ಮರೆಯಾಗುವ ತನಕ ನೋಡುತ್ತಾರೆ.

"ಒಡದ ಟೈರು ಊರಿಗೆಲ್ಲಾ ಕೇಳತೈತ್ರಿ. ಒಡೀಲಾರದ ಟೈರಿನ ಸಪ್ಪಳ ನನಗೊಬ್ಬಾಕಿಗೆ ಕೇಳತೈತಿ. ಅಷ್ಟ ಸಾಕು."